ಮೂವತ್ತರಲ್ಲಿ ನಿಲ್ಲದ ನಾಬ್

ಇದು ಕಟ್ಟುಕತೆಯಲ್ಲ. ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು. ನಗೋದಿದ್ದರೆ ಈಗಲೇ ನಕ್ಕುಬಿಡಿ, ಆಮೇಲೆ ನಗು ಬರೋಲ್ಲ.

ಅಣ್ಣ ಕಾರುಗಳಿಗೆ ಸ್ಪೀಕರ್ ಕೂರಿಸುವವನು. ಅವತ್ತು ಅಂಗಡಿ ಮುಚ್ಚಿ ಹೊರಟಾಗ ಹನ್ನೊಂದು ದಾಟಿತ್ತು. ತಿರುವಿನ ಹಾಳುಬಾವಿಯ ಹತ್ತಿರ ಬಂದಿದ್ದ, ಅಷ್ಟೆ... ದುಂ. ಸ್ವಲ್ಪ ತಡೆದು... ದುಂ. ಹಿಂದಿನಿಂದ, ತನ್ನ ಅಂಗಡಿಯಿಂದಲೇ. ಒಳಗಿದ್ದದ್ದು ಒಂದೇ ಕಾರು, ಅದರ ಬ್ಯಾಟರಿ ವೈರನ್ನು ಅವನೇ ಕಳಚಿ ಬಂದಿದ್ದ.

ಅವನ ಕೆಲಸ ಗೊತ್ತಲ್ಲ? ಡಿಕ್ಕಿಯಲ್ಲಿ ದುಂ ದುಂ ಅನ್ನುವ ದೊಡ್ಡ ಸ್ಪೀಕರ್, ಅಂದ್ರೆ ಸಬ್‌ವೂಫರ್‌ಗೆ ಆಂಪ್ಲಿಫೈಯರಿನಲ್ಲಿ ಎರಡು ಫಿಲ್ಟರ್. ಒಂದು, ಹಾಡಿನ ಮಾತು ಸಬ್‌ಗೆ ಹೋಗದಂತೆ ತಡೆಯುತ್ತೆ. ಇನ್ನೊಂದು, ಕಿವಿಗೇ ಕೇಳದಷ್ಟು ಆಳದ ಸದ್ದನ್ನು ತಡೆಯುತ್ತೆ. ಆ ಎರಡನೆಯದರ ನಾಬನ್ನು ಅಣ್ಣ ಮೂವತ್ತು ಹರ್ಟ್ಜ್‌ನಲ್ಲಿ ನಿಲ್ಲಿಸುತ್ತಿದ್ದ. ಅದು ಕೆಳಗಿಳಿದರೆ ಸ್ಪೀಕರಿನ ಪರದೆ ಹುಚ್ಚೆದ್ದು ಕುಣಿದು ಹರಿದುಹೋಗುತ್ತೆ.

ಹೋದ ವರ್ಷ ನಾಲ್ಕು ಕಾರು ಹಾಗೇ ಪರದೆ ಹರಿದುಕೊಂಡು ವಾಪಸ್ ಬಂದವು. ಅಂಗಡಿಯ ಪಾಲುದಾರ, ಅಣ್ಣನ ಬಾಲ್ಯದ ಗೆಳೆಯ, ಹೆಗಲ ಮೇಲೆ ಕೈ ಹಾಕಿ ಹೇಳಿದ್ದ, "ನಿನ್ನ ಕಿವಿ ಹೋಗಿದೆ ಕಣೋ. ಇನ್ಮೇಲೆ ಫಿಲ್ಟರ್ ನಾನು ನೋಡ್ಕೋತೀನಿ." ಅಣ್ಣ ನಂಬಿದ. ಊರಿಗೆಲ್ಲ ಕಿವಿ ಮೇಷ್ಟ್ರು ಅನ್ನಿಸಿಕೊಂಡವನು ಬರೀ ವೈರ್ ಎಳೆಯುತ್ತ ಕೂತ. ಗೆಳೆಯ ಎದೆನೋವಿಂದ ಸತ್ತಾಗ ಅವನ ಹೆಂಡತಿಗಿಂತ ಹೆಚ್ಚು ಅತ್ತವನು ಇವನೇ. ಆಮೇಲೆ ಹೆದರಿ ಹೆದರಿ ಮತ್ತೆ ನಾಬ್ ಮುಟ್ಟಿದ್ದು ಅವತ್ತೇ ಮೊದಲು. ಇದೂ ಹರಿದರೆ ಕೆಲಸಕ್ಕೇ ಕೈಮುಗಿಯೋದು ಅಂತ ತೀರ್ಮಾನಿಸಿದ್ದ.

ವಾಪಸ್ ಹೋಗಿ ಶಟರ್ ಎತ್ತಿದ. ಡಿಕ್ಕಿ ತೆಗೆದ. ಟಾರ್ಚ್ ಬಿಟ್ಟ. ಕಿರ್... ಕಿರ್... ನಾಬ್ ತಾನಾಗೇ ತಿರುಗುತ್ತಿತ್ತು. ಮೂವತ್ತರಿಂದ ಕೆಳಕ್ಕೆ.

"ಯಾರು?"

ಸಬ್‌ನಿಂದ ಉತ್ತರ ಬಂತು. ಮಾತೇ ಬರಬಾರದ ಸ್ಪೀಕರಿನಿಂದ, ಪಿಸುದನಿಯಲ್ಲಿ, ಅಕ್ಷರ ಅಕ್ಷರ ಬಿಡಿಸಿ... "ನಾನೇ ಕಣೋ."

ಸತ್ತ ಗೆಳೆಯನದೇ ದನಿ. ಅಣ್ಣನಿಗೆ ಭಯಕ್ಕಿಂತ ಮೊದಲು ಅರ್ಥವಾಯಿತು. "ಆ ನಾಲ್ಕು ಕಾರೂ... ನೀನೇನಾ?"

"ಹೂಂ."

"ಯಾಕೋ?"

"ಬಂದೋರೆಲ್ಲ ನಿನ್ನನ್ನೇ ಕೇಳ್ತಿದ್ರು."

"ಮತ್ತೆ ನನ್ನ ಕಿವಿ?"

"ಚೆನ್ನಾಗೇ ಇದೆ. ಯಾವತ್ತೂ ಚೆನ್ನಾಗೇ ಇತ್ತು."

ಒಂದೇ ತಟ್ಟೆಯಲ್ಲಿ ಉಂಡವನು, ನಂಬಿಸಿ ಕತ್ತು ಕೊಯ್ದಿದ್ದ. "ನಿನಗೋಸ್ಕರ ಅತ್ತೆನಲ್ಲೋ," ಅಂದ ಅಣ್ಣ.

ತಪ್ಪು ಒಪ್ಪಿಕೊಂಡನಲ್ಲ, ಇನ್ನು ಹೋಗುತ್ತಾನೆ ಅಂದುಕೊಂಡು ಅಣ್ಣ ನಾಬನ್ನು ಮೂವತ್ತಕ್ಕೆ ತಂದು ಕೈ ತೆಗೆದ. ಕಿರ್... ಮತ್ತೆ ತಂದ. ಕಿರ್... ಕೊನೆಗೆ ಹೆಬ್ಬೆರಳಿಂದ ಒತ್ತಿ ಹಿಡಿದು, ಬೆಳಗಾಗುವವರೆಗೂ ಡಿಕ್ಕಿಯ ಮುಂದೆ ಬಗ್ಗಿ ನಿಂತ. ಆ ಕಡೆಯಿಂದ ತಿರುಗಿಸುತ್ತಿದ್ದ ಕೈ ಬೆಳಕು ಹರಿಯುವ ತನಕ ಒಂದು ಕ್ಷಣವೂ ಸುಮ್ಮನಾಗಲಿಲ್ಲವಂತೆ.

ಆ ಕಾರು ಈಗಲೂ ಓಡಾಡುತ್ತಿದೆ, ಪರದೆ ಹರಿದಿಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಅಣ್ಣನ ಹೆಬ್ಬೆರಳಿನ ಚರ್ಮ ಆ ನಾಬಿನಷ್ಟೇ ಅಗಲಕ್ಕೆ ಗುಂಡಗೆ ಸುಲಿದಿತ್ತು. ಎಂಟು ದಿನ ಪಟ್ಟಿ ಕಟ್ಟಿದ್ದು ನಾನೇ.