ಹೆಚ್ಚಿಗೆ ಎರಡು ಬಿಟ್

ಪಾರ್ಸೆಲ್ ಹೊತ್ತು ಲಿಫ್ಟ್‌ಗೆ ಕಾಯುತ್ತಿದ್ದ ಕೊರಿಯರ್ ಹೆಂಗಸಿನ ಕಿವಿ ನೆಟ್ಟಗಾಯಿತು. ಪಕ್ಕದಲ್ಲೇ ಇಂಜಿನಿಯರಮ್ಮ ತನ್ನ ಮ್ಯಾನೇಜರ್ ಮೇಲೆ ರೇಗುತ್ತಿದ್ದಳು.

“ಸಾರ್, ಪ್ರತಿ ಅರವತ್ನಾಲ್ಕು ಬಿಟ್ ಡೇಟಾಗೆ ಎರಡು ಬಿಟ್ ಸೇರಿಸಿ ಕಳಿಸೋದು ದಂಡಕ್ಕಲ್ಲ. ಆ ಎರಡನ್ನ ತೆಗೆಸಿದ್ದು ಯಾರು?”

“ನಾನೇ ಕಣಮ್ಮ. ವೇಗ ಹೆಚ್ಚಲಿ ಅಂತ.”

“ಹೆಚ್ಚಾಯ್ತಾ? ಬೆಳಗ್ಗೆಯಿಂದ ಈಥರ್ನೆಟ್ ಲಿಂಕೇ ಪದೇ ಪದೇ ಕಡಿದು ಹೋಗ್ತಿದೆ. ಬರೀ ಸೊನ್ನೆಗಳೇ ಸಾಲಾಗಿ ಹೋದ್ರೆ ಆ ಕಡೆ ಡೇಟಾ ತಗೊಳ್ಳೋ ಪೆಟ್ಟಿಗೆಗೆ ಎಣಿಕೆ ತಪ್ಪುತ್ತೆ. ಅದಕ್ಕೇ ಆ ಎರಡು ಬಿಟ್ ಯಾವಾಗ್ಲೂ ಸೊನ್ನೆ ಪಕ್ಕ ಒಂದು, ಇಲ್ಲಾ ಒಂದರ ಪಕ್ಕ ಸೊನ್ನೆ. ಆ ಬದಲಾವಣೆ ನೋಡಿಯೇ ಅದು ತಾಳ ಹಿಡಿಯೋದು.”

“ಮೂರು ಗಂಟೆಗೆ ಕಸ್ಟಮರ್ ಬರ್ತಾರಲ್ಲಮ್ಮ!”

“ತೆಗೀಬೇಡಿ ಅಂತ ಮೂರು ವಾರದಿಂದ ಬಾಯಿ ಬಡ್ಕೋತಿದ್ದೀನಿ.”

“ಆಯ್ತು ತಾಯಿ, ವಾಪಸ್ ಹಾಕು.”

ಲಿಫ್ಟ್ ಬಂತು. ಒಳಗೆ ಕಾಲಿಡುತ್ತಾ ಮ್ಯಾನೇಜರ್ ಮೆಲ್ಲಗೆ ಕೇಳಿದ:

“ಒಂದೇ ಬಿಟ್ ಹಾಕಿದ್ರೆ ಸಾಲಲ್ವಾ?”

ಕೊರಿಯರ್ ಹೆಂಗಸು ತುಟಿ ಕಚ್ಚಿ ನಗು ತಡೆದಳು. ಇಂಜಿನಿಯರಮ್ಮ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ ಹೊರಟೇಬಿಟ್ಟಳು.