ಸತ್ತ ರಾಜ ಎದ್ದು ಹಾಡಿದ್ದು

ಮದ್ದೂರು ಸ್ಟೇಷನ್ನಿನಲ್ಲಿ ಬೆಂಗಳೂರು ರೈಲಿಗೆ ಕಾಯುತ್ತಿದ್ದ ಚಿಕ್ಕನಂಜಮ್ಮ ಪಕ್ಕದ ಬೆಂಚಿನ ಮುದುಕನನ್ನು ದನಿಯಿಂದಲೇ ಗುರುತು ಹಿಡಿದಳು. ನಾಟಕ ಕಂಪನಿಯ ಕರಿಸಿದ್ದಯ್ಯ. ರಾಜನ ಪಾರ್ಟಿನಲ್ಲಿ ಹಾಡುತ್ತ ಹಾಡುತ್ತಲೇ ಸಾಯುತ್ತಿದ್ದ. ಜನ 'ಒನ್ಸ್ ಮೋರ್' ಅಂದರೆ ಸತ್ತವನು ಎದ್ದು, ಅದೇ ಹಾಡು ಹಾಡಿ, ಮತ್ತೆ ಸಾಯಬೇಕು. ಅವಳು ಹುಡುಗಿಯಾಗಿದ್ದಾಗ ನಿಡಘಟ್ಟದಲ್ಲಿ ಒಂದೇ ಆಟದಲ್ಲಿ ಮೂರು ಸಲ ಸತ್ತಿದ್ದ. ಕೂಗಿದವರಲ್ಲಿ ಅವಳೂ ಒಬ್ಬಳು.

ಈಗ ಮಂಡಿ ನೀವಿಕೊಳ್ಳುತ್ತ, ಜೊತೆಗಿದ್ದ ಹಾರ್ಮೋನಿಯಂನವನನ್ನು ಕೇಳುತ್ತಿದ್ದ.

"ರಾತ್ರಿ ಮಳವಳ್ಳೀಲಿ ಒನ್ಸ್ ಮೋರ್ ಅಂತ ಕೂಗಿದ್ದು ಯಾರ್ಲಾ ಹುಚ್ಚೀರ?"

"ಜನ ಕಣಣ್ಣ."

"ಒಂದೇ ಗಂಟ್ಲು ಕಣ್ಲಾ. ನಮ್ ಅಡ್ಗೆ ಬೆಟ್ಟಯ್ಯನ ಗಂಟ್ಲು ನಂಗೊತ್ತಿಲ್ವಾ?"

ಹುಚ್ಚೀರಯ್ಯ ಪೆಟ್ಟಿಗೆಯ ಧೂಳು ಒರೆಸತೊಡಗಿದ.

"ನೀನೇ ಕೂಗ್ಸಿದ್ದಾ?"

"ಊಂ ಕಣಣ್ಣ."

"ಯಾಕ್ಲಾ? ಮಂಡಿ ಇಡ್ಕಂಡು ಏಳೋದ್ರೊಳ್ಗೆ ಜೀವ ಓಯ್ತದೆ. ಸತ್ತ ಮ್ಯಾಲಾದ್ರೂ ಮಲಗಕ್ಕೆ ಬುಡಬಾರ್ದಾ?"

"ಯಾರೂ ಕೂಗ್ಲಿಲ್ಲ ಕಣಣ್ಣ. ನೀನು ಕಣ್ ಮುಚ್ಕಂಡು ಕಾಯ್ತಾನೇ ಇದ್ದೆ. ನೋಡಕ್ಕಾಗ್ದೆ ಬೆಟ್ಟಯ್ಯಂಗೆ ಸನ್ನೆ ಮಾಡ್ದೆ."

ಮಂಡಿ ನೀವುತ್ತಿದ್ದ ಮುದುಕನ ಕೈ ನಿಂತಿತು.

ಮೈಸೂರು ರೈಲು ಬಂತು. ಹುಚ್ಚೀರಯ್ಯ ಪೆಟ್ಟಿಗೆಯನ್ನು ಹೆಗಲಿಗೇರಿಸಿದ.

"ಏಳಣ್ಣ."

"ಒನ್ಸ್ ಮೋರ್ ಅಂತ ಕೂಗು ಕಣ್ಲಾ, ಏಳ್ತೀನಿ."

ಕೂಗು ಚಿಕ್ಕನಂಜಮ್ಮನ ಗಂಟಲವರೆಗೂ ಬಂದಿತ್ತು. ಅಷ್ಟರಲ್ಲಿ ಹುಚ್ಚೀರಯ್ಯ ರಟ್ಟೆ ಹಿಡಿದು ಅವನನ್ನು ಎಬ್ಬಿಸಿ, ರೈಲು ಡಬ್ಬಿಯ ಕಡೆಗೆ ನಡೆಸಿಕೊಂಡು ಹೋದ.