ಚೊಚ್ಚಲ ಕಡಸುಗಳಿಗೆ ಹೋರಿ

ರಾಸ್ಕಾಮನ್ ಊರಿನ ದನದ ಹರಾಜುಕಟ್ಟೆಯ ಕ್ಯಾಂಟೀನಿನಲ್ಲಿ ಡಿಂಪ್ನಾ ಚಹಾಕ್ಕೆ ಸಾಲು ನಿಂತಿದ್ದಳು. ಮುಂದಿದ್ದ ಗಂಡಹೆಂಡಿರು ಮೆಲ್ಲಗೆ ಜಗಳವಾಡುತ್ತಿದ್ದರು.

"ಬೆಲ್ಜಿಯನ್ ಬ್ಲೂ ತಳಿ ಹೋರೀನೇ ತಗೊಳ್ಳೋಣ, ಓರ್ಲಾ. ಅದರ ಕರುಗಳಿಗೆ ಇಟಲಿ ಮಾಂಸದ ವ್ಯಾಪಾರಿಗಳು ಮುಗಿಬೀಳ್ತಾರೆ."

"ಕರು ಹೊರಗೆ ಬಂದ್ರೆ ತಾನೇ, ಫಿಂಟನ್? ನಮ್ಮವು ಎಂಟೂ ಚೊಚ್ಚಲ ಕಡಸುಗಳು. ಹೋದ ವರ್ಷ ಬ್ಲೂ ಹಾಕಿಸಿ ಒಂದು ಕಡಸು ಈಯೋವಾಗ ಸತ್ತೇಹೋಯ್ತು."

"ಅದು ಗ್ರಹಚಾರ."

"ಗ್ರಹಚಾರ ಅಲ್ಲ, ಕರುವಿನ ದಪ್ಪ ತೊಡೆ. ಹಗ್ಗ ಕಟ್ಟಿ ಎರಡು ಗಂಟೆ ಎಳೆದೋಳು ನಾನು. ನೀನು ಹಾಲಿನ ಲಾರಿ ಓಡಿಸ್ಕೊಂಡು ಅಷ್ಟು ದೂರದ ಕಾರ್ಕ್ ಊರಿಗೆ ಹೋಗಿದ್ದೆ."

"ದನದ ಡಾಕ್ಟರಿಗೆ ಫೋನ್ ಮಾಡಬಹುದಿತ್ತು."

"ಮಾಡಿದೆ ಮಾರಾಯ. ಅವರು ಇನ್ನೊಬ್ಬರ ಕೊಟ್ಟಿಗೇಲಿ ಕರು ತೆಗೆಯೋಕೆ ಹಸುವಿನ ಹೊಟ್ಟೆ ಕೊಯ್ತಿದ್ರು. ಅಲ್ಲೂ ಬ್ಲೂ ಕರುವೇ! ಆಂಗಸ್ ಹೋರಿ ತಗೊಳ್ಳೋಣ, ಅದರ ಕರು ಸಣ್ಣದು, ಸಲೀಸಾಗಿ ಹುಟ್ಟುತ್ತೆ."

"ಅಷ್ಟು ಸಣ್ಣ ಕರು ನೋಡಿದ್ರೆ ಪಕ್ಕದ ಮನೆಯೋರು, ಮೊಲ ಸಾಕಿದ್ದೀಯೇನೋ ಅಂತಾರೆ ಕಣೇ."

"ಅನ್ಲಿ ಬಿಡು. ಫೆಬ್ರವರೀಲಿ ಅವು ಈಯೋವಾಗ ನೀನು ಮನೇಲಿರ್ತೀಯಾ?"

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಬ್ಲೂ ಹೋರಿಯ ಸರದಿ ಬಂತೆಂದು ಕೂಗಿದರು. ಗಾಜಿನಾಚೆಯ ಹರಾಜುಗಾರನಿಗೆ ಕ್ಯಾಂಟೀನಿನ ಸಾಲೂ ಕಾಣುತ್ತಿತ್ತು; ಈ ಕಟ್ಟೆಯಲ್ಲಿ ಒಂದು ಬೆರಳೆತ್ತಿದರೂ ಸವಾಲು ಕೂಗಿದಂತೆಯೇ. ಓರ್ಲಾ ಗಂಡನ ಕೈಗಳನ್ನೇ ನೋಡಿದಳು. ಡಿಂಪ್ನಾಳೂ ನೋಡಿದಳು.

ಅವನು ಎರಡೂ ಕೈಗಳನ್ನು ಜೇಬಿಗೆ ತುರುಕಿದ.

"ನಡಿ. ಆಂಗಸ್ ಬಂದಾಗ ನೀನೇ ಬೆರಳೆತ್ತು."

ಚಹಾ ಕುಡಿಯದೆಯೇ ಇಬ್ಬರೂ ಸಾಲು ಬಿಟ್ಟು ಹೊರಟರು. ಅವಳು ಮುಂದೆ, ಅವನು ಕೈ ಹೊರತೆಗೆಯದೆ ಹಿಂದೆ.